ಕಾರ್ ಏಸಿಯ ಪ್ರೆಷರ್ ಸ್ವಿಚ್ ಎಲ್ಲಿದೆ?

ಕಾರಿನ ಏಸಿ ಕಂಪ್ರೆಸರಿಗೆ ಕಾವಲಿರುವುದು ಹೆಬ್ಬೆರಳಿನಷ್ಟು ಗಾತ್ರದ ಒಂದು ಪ್ರೆಷರ್ ಸ್ವಿಚ್. ಪೈಪಿನೊಳಗಿನ ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೂ, 30 ಬಾರ್ ಆಸುಪಾಸಿಗೆ ಏರಿದರೂ ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ. ಗ್ಯಾಸ್ ಸೋರಿದಾಗ ಅದರ ಜತೆ ಸುತ್ತುವ ಎಣ್ಣೆ ಸಾಲದೆ ಕಂಪ್ರೆಸರ್ ಜಾಮ್ ಆಗಬಹುದು. ಒತ್ತಡ ಮಿತಿಮೀರಿದರೆ ಪೈಪೇ ಒಡೆಯಬಹುದು.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರುಗಳಲ್ಲಿ ಈ ಎರಡನೆಯ ಅಪಾಯವನ್ನು ಮರೆಯುವಂತಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎರೆಹೊಲದ ದೂಳು, ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಸಂದುಗಳಲ್ಲಿ ಕೂತರೆ ಬಿಸಿ ಹೊರಹೋಗದೆ ಒತ್ತಡ ಏರುತ್ತದೆ. ಸಿಂಧನೂರು ರಸ್ತೆಯಲ್ಲಿ ಓಡುವಾಗ ತಣ್ಣಗಿದ್ದ ಏಸಿ, ಕಾರು ನಿಂತೊಡನೆ ಬಿಸಿಗಾಳಿ ಊದುವುದಕ್ಕೆ ಇದೊಂದು ಕಾರಣ. ಕಂಡೆನ್ಸರಿನ ಫ್ಯಾನ್ ತಿರುಗದಿದ್ದರೂ ಹೀಗೇ ಆಗುತ್ತದೆ.

ಸ್ವಿಚ್ ಹುಡುಕಲು ಪೈಪುಗಳೇ ದಾರಿ. ಏಸಿ ನಡೆಯುವಾಗ ದಪ್ಪ ಪೈಪು ತಣ್ಣಗಿರುತ್ತದೆ; ಅದು ಕಂಪ್ರೆಸರಿಗೆ ಮರಳುವ ಕಡಿಮೆ ಒತ್ತಡದ ಪೈಪು. ಸಣ್ಣ ಪೈಪು ಬಿಸಿಯಾಗಿರುತ್ತದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ಕಂಡೆನ್ಸರಿನಿಂದ ಹೊರಟ ಈ ಸಣ್ಣ ಪೈಪಿನ ಗುಂಟ ಡ್ಯಾಶ್‌ಬೋರ್ಡ್ ಕಡೆಗೆ ಹೋಗಬೇಕು. ವೈರಿನ ಕನೆಕ್ಟರ್ ಸಿಕ್ಕಿಸಿದ, ಷಟ್ಕೋನದ ಬುಡವಿರುವ ಭಾಗವೇ ಸ್ವಿಚ್. ಹಲವು ಕಾರುಗಳಲ್ಲಿ ಅದು ಈ ಪೈಪಿನ ಮೇಲೋ ತೇವ ಹೀರುವ ರಿಸೀವರ್ ಡ್ರೈಯರ್ ಡಬ್ಬಿಯ ತಲೆಯ ಮೇಲೋ ಇರುತ್ತದೆ. ಕೆಲವು ಅಮೆರಿಕನ್ ಕಾರುಗಳಲ್ಲಿ ಮಾತ್ರ ಕಡಿಮೆ ಒತ್ತಡದ ಸ್ವಿಚ್ ಬೇರೆಯಾಗಿ, ತಣ್ಣನೆಯ ಅಕ್ಯುಮ್ಯುಲೇಟರ್ ಡಬ್ಬಿಯ ಮೇಲೆ ಕೂತಿರುತ್ತದೆ.

ವೈರುಗಳನ್ನು ಎಣಿಸಿದರೆ ಜಾತಿ ತಿಳಿಯುತ್ತದೆ. ಎರಡಿದ್ದರೆ ಸಾಮಾನ್ಯವಾಗಿ ಸಾದಾ ಸ್ವಿಚ್. ನಾಲ್ಕಿದ್ದರೆ ಫ್ಯಾನನ್ನೂ ಅದೇ ನಡೆಸುತ್ತಿರಬಹುದು. ಹೊಸ ಕಾರುಗಳ ಮೂರು ವೈರಿನದು ಸೆನ್ಸರ್. ಅದು 5 ವೋಲ್ಟ್ ಪಡೆದು ಒತ್ತಡದ ಲೆಕ್ಕವನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಅದರ ವೈರುಗಳನ್ನು ತಂತಿಯಿಂದ ಜೋಡಿಸಿ ಪರೀಕ್ಷೆ ಮಾಡಲೇಬಾರದು. ಸಾದಾ ಸ್ವಿಚ್ಚಿನಲ್ಲೂ ಹಾಗೆ ಜೋಡಿಸಿ ಓಡಿಸುವುದೆಂದರೆ ಕಾವಲು ತೆಗೆದು ಕಂಪ್ರೆಸರನ್ನು ಸಾಯಲು ಬಿಟ್ಟಂತೆ.

ಬಿಚ್ಚುವಾಗ ಇನ್ನೊಂದು ಎಚ್ಚರ. ಕೆಲವು ಸ್ವಿಚ್ಚುಗಳ ಕೆಳಗೆ ಟೈರ್ ಟ್ಯೂಬಿನ ವಾಲ್ವಿನಂಥ ಸೂಜಿ ಇದ್ದು ಗ್ಯಾಸನ್ನು ತಡೆಯುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಇಲ್ಲದ ಕಡೆ ಚಿಮ್ಮುವ ಗ್ಯಾಸ್ ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸಬಲ್ಲದು. ಹಾಗಾಗಿ ಗ್ಯಾಸನ್ನು ಯಂತ್ರದಿಂದ ಹೊರತೆಗೆದ ಮೇಲೆಯೇ ಸ್ಪಾನರ್ ಹಿಡಿಯಬೇಕು.

ಏಸಿ ತಂಪಾಗದಿದ್ದರೆ ಮೊದಲು ಗೇಜ್ ಹಚ್ಚಿಸಿ ಒತ್ತಡ ನೋಡಿಸಿ. ಕಂಡೆನ್ಸರ್ ತೊಳೆಸಿ, ಫ್ಯಾನ್ ಗಮನಿಸಿ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಲು ಒಪ್ಪಬೇಡಿ.