ಸಮಾಧಿಗಳ ಕಾವಲುಗಾರ

ಸತ್ಯಕ್ಕಾಗಿ ರಾಜ್ಯವನ್ನೇ ತೊರೆದ ಹರಿಶ್ಚಂದ್ರನು ವೀರಬಾಹುವಿನ ಸೇವಕನಾಗಿ ಕಾಶಿಯ ಸ್ಮಶಾನವನ್ನು ಕಾದ ಕಥೆ ಕನ್ನಡಿಗರಿಗೆ ಹೊಸದಲ್ಲ. ಸತ್ತ ಮಗನನ್ನು ಹೊತ್ತು ತಂದ ಹೆಂಡತಿಗಾಗಿಯೂ ಅವನು ನಿಯಮವನ್ನು ಸಡಿಲಿಸಲಿಲ್ಲ. ಸ್ಮಶಾನದ ಕಾವಲು ಕೀಳು ಕೆಲಸವೆಂದು ಎಣಿಸುವವರು ರಾಘವಾಂಕನ ಕಾವ್ಯದಿಂದ ಒಂದು ಮಾತನ್ನು ಕಲಿಯಬಹುದು: ಆ ಕೆಲಸಕ್ಕೆ ತನ್ನವರು, ಪರರು ಎಂಬ ಭೇದವಿಲ್ಲದ ಮನಸ್ಸು ಬೇಕು. ಚಾರಿತ್ರಿಕ ಸಮಾಧಿಸ್ಥಳಗಳನ್ನು ಇಂದು ಕಾಯುವವರಿಗೂ ಬೇಕಾದ ಮೊದಲ ಗುಣ ಇದೇ.

ಮೈಸೂರು ನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಕಾವೇರಿಯ ಎರಡು ಕವಲುಗಳ ನಡುವೆ ಶ್ರೀರಂಗಪಟ್ಟಣವಿದೆ. ಈ ಸಣ್ಣ ದ್ವೀಪದಲ್ಲಿ ಒಂದೇ ಯುದ್ಧದ ಎರಡು ಪಕ್ಷದವರೂ ಮಣ್ಣಾಗಿದ್ದಾರೆ. ಗಂಜಾಮಿನ ಲಾಲ್‌ಬಾಗ್ ತೋಟದಲ್ಲಿರುವ ಗುಂಬಜನ್ನು ಟೀಪು ಸುಲ್ತಾನನು ತನ್ನ ತಂದೆ ಹೈದರಾಲಿಗಾಗಿ ಕಟ್ಟಿಸಿದನು. ಹೈದರನು ತೀರಿಕೊಂಡದ್ದು 1782ರಲ್ಲಿ. ನುಣುಪಾದ 36 ಕಪ್ಪು ಕಲ್ಲಿನ ಕಂಬಗಳು ಈ ಕಟ್ಟಡವನ್ನು ಸುತ್ತುವರಿದಿವೆ. 1799ರ ಮೇ 4ರಂದು ಕೋಟೆಯ ಕಾಳಗದಲ್ಲಿ ಮಡಿದ ಟೀಪುವನ್ನು ಮರುದಿನ ಇಲ್ಲಿಯೇ ತಂದೆತಾಯಿಗಳ ಪಕ್ಕದಲ್ಲಿ ಸಮಾಧಿ ಮಾಡಲಾಯಿತು.

ಅದೇ ದ್ವೀಪದಲ್ಲಿ, ನದಿಯ ದಡದ ಸಮೀಪ, ಗ್ಯಾರಿಸನ್ ಸ್ಮಶಾನವೆಂಬ ಇನ್ನೊಂದು ಸ್ಥಳವಿದೆ. ಕೋಟೆಯನ್ನು ಗೆದ್ದ ಬ್ರಿಟಿಷ್ ಸೈನ್ಯವು ಇಲ್ಲಿ ಬೀಡುಬಿಟ್ಟ ಕಾಲದ ಸುಮಾರು ಮುನ್ನೂರು ಸಮಾಧಿಗಳು ಇಲ್ಲಿವೆ. ಸೈನಿಕರೊಡನೆ ಅವರ ಹೆಂಡಿರು ಮಕ್ಕಳೂ ಇಲ್ಲಿ ಮಲಗಿದ್ದಾರೆ. ಗೆದ್ದವರನ್ನು ಇಲ್ಲಿನ ಜ್ವರ ಬಿಡಲಿಲ್ಲ. ಕೊನೆಗೆ ಸೈನ್ಯವು ತನ್ನ ನೆಲೆಯನ್ನು ಬೆಂಗಳೂರಿಗೆ ಬದಲಾಯಿಸಬೇಕಾಯಿತು. ದೂರದ ಸ್ವಿಟ್ಜರ್ಲೆಂಡಿನವನೊಬ್ಬನು ಕಟ್ಟಿದ ದ ಮ್ಯೂರಾನ್ ಪಡೆಯವರ ಸಮಾಧಿಗಳೂ ಇಲ್ಲಿವೆ. ಬಹುಕಾಲ ಪಾಳುಬಿದ್ದಿದ್ದ ಈ ಸ್ಥಳವನ್ನು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಆ ಮನೆತನದ ವಂಶಜರ ನೆರವಿನಿಂದ ಜೀರ್ಣೋದ್ಧಾರ ಮಾಡಲಾಯಿತು.

ಜೀರ್ಣೋದ್ಧಾರವು ಒಮ್ಮೆ ನಡೆಯುವ ಕಾರ್ಯ. ಕಾವಲು ಮಾತ್ರ ಪ್ರತಿದಿನದ್ದು. ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಹಳೆಯ ಗೋರಿಗೆ ಅರಳಿ, ಆಲಗಳ ಸಸಿಯೇ ದೊಡ್ಡ ಶತ್ರು. ಹಕ್ಕಿ ಬೀಳಿಸಿದ ಬೀಜವು ಬಿರುಕಿನಲ್ಲಿ ಮೊಳೆತರೆ ಎಳೆಯದಿರುವಾಗಲೇ ಕೀಳಬೇಕು. ಬೇರು ಬಲಿತ ಮೇಲೆ ಎಳೆದರೆ ಅದರೊಡನೆ ಇಟ್ಟಿಗೆಗಳೂ ಕಿತ್ತು ಬರುತ್ತವೆ. ಮಳೆಗಾಲಕ್ಕೆ ಮುನ್ನ ನೀರು ಹರಿದುಹೋಗುವ ದಾರಿಯನ್ನು ಬಿಡಿಸಬೇಕು. ಬಿರುಕನ್ನು ಸಿಮೆಂಟಿನಿಂದ ಮುಚ್ಚುವುದು ಸುಲಭವಾದರೂ ಸರಿಯಲ್ಲ. ಸುಣ್ಣದ ಗಾರೆಯು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆದು ಹಳೆಯ ಇಟ್ಟಿಗೆಯನ್ನು ಪುಡಿಮಾಡುತ್ತದೆ.

ಶಾಸನದ ಕಲ್ಲನ್ನು ಶುಚಿಮಾಡುವುದಕ್ಕೂ ತಾಳ್ಮೆ ಬೇಕು. ತಂತಿಯ ಕುಂಚವಾಗಲಿ ಆಮ್ಲವಾಗಲಿ ಪಾಚಿಯೊಡನೆ ಅಕ್ಷರವನ್ನೂ ತಿಂದುಹಾಕುತ್ತದೆ. ಆದುದರಿಂದ ಮೃದುವಾದ ಕುಂಚ ಮತ್ತು ಶುದ್ಧವಾದ ನೀರನ್ನಷ್ಟೇ ಬಳಸಬೇಕು. ಅಕ್ಷರಗಳು ಓದಲು ಬರುತ್ತಿರುವಾಗಲೇ ಅವನ್ನು ಪುಸ್ತಕದಲ್ಲಿ ಬರೆದಿಟ್ಟು, ಪ್ರತಿಯೊಂದು ಸಮಾಧಿಗೂ ಸಂಖ್ಯೆ ಕೊಟ್ಟು, ನಕ್ಷೆಯೊಂದನ್ನು ಸಿದ್ಧಮಾಡಿಡುವುದು ಲೇಸು. ಪೂರ್ವಜನ ಹೆಸರನ್ನು ಹುಡುಕಿಕೊಂಡು ಸಮುದ್ರ ದಾಟಿ ಬಂದವರಿಗೂ ಚರಿತ್ರೆಯನ್ನು ಅಭ್ಯಸಿಸುವವರಿಗೂ ಆಗ ಉತ್ತರ ದೊರೆಯುತ್ತದೆ. ಕಲ್ಲಿನ ಮೇಲಿನ ಹೆಸರು, ವಯಸ್ಸು, ತೇದಿಗಳು ಅಳಿಸಿಹೋದರೆ ಚರಿತ್ರೆಯ ಸಾಕ್ಷಿಯೊಂದು ಅಳಿದಂತೆಯೇ. ಸಾಕ್ಷಿ ಹೋದೆಡೆ ಕಟ್ಟುಕಥೆ ಬೆಳೆಯುತ್ತದೆ.

ಸಂದರ್ಶಕರನ್ನು ನಡೆಸಿಕೊಳ್ಳುವುದು ಇನ್ನೂ ಸೂಕ್ಷ್ಮವಾದ ಕೆಲಸ. ಒಬ್ಬರಿಗೆ ಗುಂಬಜು ಶ್ರದ್ಧೆಯ ಸ್ಥಳ, ಇನ್ನೊಬ್ಬರಿಗೆ ಶಿಲ್ಪದ ಮಾದರಿ, ಮತ್ತೊಬ್ಬರಿಗೆ ಪ್ರವಾಸದ ಒಂದು ನಿಲುಗಡೆ. ಕಾವಲುಗಾರನು ಎಲ್ಲರನ್ನೂ ಆದರದಿಂದ ಕಂಡು, ತಿಳಿದಷ್ಟನ್ನು ಮಾತ್ರ ಹೇಳಿ, ಸ್ಥಳದ ಶಾಂತಿಯನ್ನು ಕಾಪಾಡಬೇಕು. ಗೋಡೆಯ ಮೇಲೆ ತಮ್ಮ ಹೆಸರನ್ನು ಕೆತ್ತುವವರನ್ನು ತಡೆಯಬೇಕು. ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳನ್ನು ವಿರೂಪಗೊಳಿಸುವವರಿಗೆ, 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಶಿಕ್ಷೆಯ ಭಯಕ್ಕಿಂತ ನೋಡುವವರ ವಿವೇಕವೇ ಬಲವಾದ ಬೇಲಿ.

ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಬ್ರಿಟನ್ನಿನಲ್ಲಿ ಒಂದು ಆಯೋಗ ಸ್ಥಾಪನೆಯಾಯಿತು. ಪದವಿ, ಮತ, ವರ್ಣಗಳ ಭೇದವನ್ನು ಸಮಾಧಿಗಳಲ್ಲಿ ತೋರಬಾರದೆಂಬುದು ಅದರ ತತ್ತ್ವ. ಆಚರಣೆಯಲ್ಲಿ ಆ ತತ್ತ್ವವನ್ನು ಎಲ್ಲೆಡೆಯೂ ಪಾಲಿಸಿರಲಿಲ್ಲವೆಂದು ಆ ಸಂಸ್ಥೆಯೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ತತ್ತ್ವವನ್ನು ಬರೆಯುವುದು ಸುಲಭ, ಪ್ರತಿದಿನ ಪಾಲಿಸುವುದು ಕಷ್ಟ ಎಂಬುದಕ್ಕೆ ಇದೇ ನಿದರ್ಶನ.

ಶ್ರೀರಂಗಪಟ್ಟಣದಲ್ಲಿ ಒಮ್ಮೆ ಕಾದಾಡಿದವರು ಇಂದು ಅಕ್ಕಪಕ್ಕದ ನೆಲದಲ್ಲಿ ಮೌನವಾಗಿದ್ದಾರೆ. ಅವರಲ್ಲಿ ಯಾರು ಸರಿ, ಯಾರು ತಪ್ಪು ಎಂಬುದನ್ನು ಚರಿತ್ರಕಾರರು ವಿಚಾರಿಸಲಿ. ಆ ವಿಚಾರಣೆಗೆ ಬೇಕಾದ ಕಲ್ಲು ಮತ್ತು ಅಕ್ಷರಗಳನ್ನು ಉಳಿಸಿಕೊಡುವವನು ಕೈಯಲ್ಲಿ ಪೊರಕೆ ಹಿಡಿದ ಕಾವಲುಗಾರ. ಸತ್ತವರು ಅವನಿಗೆ ಕೃತಜ್ಞತೆ ಹೇಳಲಾರರು. ಅದು ಬದುಕಿರುವವರ ಹೊಣೆ.