ಅಜ್ಜನ ಪಾಲಿನ ಹಿಡಿ ಕಡಲೆಕಾಯಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ತುಮಕೂರು ಜಿಲ್ಲೆಯ ಈ ತಾಲ್ಲೂಕುಗಳ ಕೆಮ್ಮಣ್ಣಿನ ಹೊಲಗಳಿಗೆ ಕಡಲೆಕಾಯಿ ಹೊಸದಲ್ಲ. ಸುಗ್ಗಿ ಬಂತೆಂದರೆ ಹಸಿ ಕಾಯಿ ಬೇಯಿಸಿ ಮನೆಮಂದಿಯೆಲ್ಲ ಸುತ್ತ ಕುಳಿತು ಸುಲಿದು ತಿನ್ನುತ್ತಾರೆ. ಅಜ್ಜ ಮಾತ್ರ ಎಷ್ಟೋ ಮನೆಗಳಲ್ಲಿ ಎರಡು ಕಾಯಿ ತಿಂದು ಕೈ ಒರೆಸಿಕೊಳ್ಳುತ್ತಾರೆ. ‘ಈ ವಯಸ್ಸಿಗೆ ಬೇಡಪ್ಪ, ಪಿತ್ತ, ಮೇಲಾಗಿ ಕೊಬ್ಬು’ ಎಂಬ ಅಂಜಿಕೆ. ಈ ಅಂಜಿಕೆಯಲ್ಲಿ ಹುರುಳಿದೆಯೇ?

ವಯಸ್ಸಾದಂತೆ ಸ್ನಾಯುಗಳು ಕರಗುತ್ತ ಬರುತ್ತವೆ. ಸುಮ್ಮನೆ ಕುಳಿತಾಗಲೂ ಸ್ನಾಯುಗಳು ಶಕ್ತಿಯನ್ನು ಬಳಸುತ್ತಿರುತ್ತವೆ. ಅವು ಕುಗ್ಗಿದರೆ ದೇಹದ ಚಯಾಪಚಯ ಕ್ರಿಯೆಯೂ ನಿಧಾನವಾಗುತ್ತದೆ. ಹಸಿವು ಕಡಿಮೆಯಾಗಿ ಊಟ ಬರೀ ಅನ್ನ, ತಿಳಿಸಾರಿಗೆ ಇಳಿದರೆ ಪ್ರೋಟೀನ್ ಸಾಲದೆ ತೊಂದರೆ ಹೆಚ್ಚುತ್ತದೆ.

ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಕಡಲೆಬೀಜದಲ್ಲಿ 7 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಕೊಬ್ಬು ಸುಮಾರು 15 ಗ್ರಾಂ; ಅದರಲ್ಲಿ ಹೆಚ್ಚಿನ ಪಾಲು ಅಪರ್ಯಾಪ್ತ ಕೊಬ್ಬು, ಹೃದಯಕ್ಕೆ ಹಿತವಾದದ್ದು. ಸಸ್ಯಾಹಾರವಾದ್ದರಿಂದ ಕೊಲೆಸ್ಟರಾಲ್ ಇಲ್ಲ.

ಸ್ಪೇನಿನ ಬಾರ್ಸಿಲೋನಾ ಮತ್ತು ಅಮೆರಿಕದ ಲೋಮಾ ಲಿಂಡಾದಲ್ಲಿ 63ರಿಂದ 79 ವರ್ಷದ 700ಕ್ಕೂ ಹೆಚ್ಚು ಆರೋಗ್ಯವಂತರ ಮೇಲೆ ಎರಡು ವರ್ಷಗಳ ಪ್ರಯೋಗ ನಡೆಯಿತು. ಒಂದು ಗುಂಪಿನವರು ದಿನಕ್ಕೆ 30ರಿಂದ 60 ಗ್ರಾಂ ಅಕ್ರೋಟು ತಿಂದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಡೆಸಿಲೀಟರಿಗೆ ಸರಾಸರಿ 4.3 ಮಿಲಿಗ್ರಾಂ ತಗ್ಗಿತ್ತು. ಇಳಿಕೆ ಅಲ್ಪವೇ, ಆದರೆ ಅಷ್ಟೊಂದು ಕೊಬ್ಬಿನ ಆಹಾರ ತಿಂದರೂ ಅವರ ತೂಕ ಏರಲಿಲ್ಲ ಎಂಬುದು ಗಮನಾರ್ಹ. ಇಂಥ ಬೀಜಗಳು ಬೇಗ ಹೊಟ್ಟೆ ತುಂಬಿಸುತ್ತವೆ. ಜೀವಕೋಶಗಳ ಗೋಡೆಯೊಳಗೆ ಉಳಿದ ಕೊಬ್ಬಿನ ಒಂದು ಪಾಲು ಜೀರ್ಣವಾಗದೆ ಹೊರಹೋಗುತ್ತದೆ.

ಕಡಲೆಕಾಯಿ ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿದ್ದು. ಅಕ್ರೋಟಿನ ಫಲಿತಾಂಶವನ್ನು ಅದಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಪೌಷ್ಟಿಕಾಂಶಗಳಲ್ಲಿ ಎರಡೂ ಹತ್ತಿರದವು. ಕಡಲೆಬೀಜದ ಮೇಲಿನ ಪ್ರಯೋಗಗಳಲ್ಲಿಯೂ ತೂಕ ಲೆಕ್ಕಕ್ಕಿಂತ ಕಡಿಮೆಯೇ ಏರಿದ್ದು ಕಂಡುಬಂದಿದೆ.

ಆದರೆ ಕೆಲವು ಎಚ್ಚರಿಕೆ ಬೇಕು. ಹಿಡಿ ಬೀಜ ಬೋಂಡಾ, ಬಿಸ್ಕತ್ತಿನ ಬದಲಿಗೆ ಇರಲಿ, ಅವುಗಳ ಜೊತೆಗಲ್ಲ. ಉಪ್ಪು ಸವರಿ ಕರಿದದ್ದಕ್ಕಿಂತ ಬೇಯಿಸಿದ್ದು, ಹುರಿದದ್ದು ಲೇಸು. ಹಲ್ಲಿಲ್ಲದವರಿಗೆ ಚಟ್ನಿಪುಡಿ ಉಂಟು. ಅಲರ್ಜಿ ಇರುವವರಿಗೆ ಬೇಡವೇ ಬೇಡ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬೂಷ್ಟು. ಕಟಾವಿನ ನಂತರ ಚೆನ್ನಾಗಿ ಒಣಗದ ಕಾಯಿಯಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಯಕೃತ್ತಿಗೆ ಮಾರಕ; ಹುರಿದರೂ ಪೂರ್ತಿ ನಾಶವಾಗದು. ಒಳ್ಳೆಯ ಕಾಯಿಯನ್ನು ಮಂಡಿಗೆ ಸಾಗಿಸಿ, ಜೊಳ್ಳು, ಮುಗ್ಗಲು ಕಾಯಿಯನ್ನು ಮನೆಗೆ ಉಳಿಸಿಕೊಳ್ಳುವುದು ಸಲ್ಲದು.

ವಿದ್ಯಾರ್ಥಿಗಳೇ, ಶಾಲೆಯ ತಕ್ಕಡಿಯಲ್ಲಿ ಒಮ್ಮೆ 30 ಗ್ರಾಂ ಬೀಜ ತೂಗಿ, ಎಷ್ಟು ಬೀಜವಾಯಿತೆಂದು ಎಣಿಸಿರಿ. ಮನೆಗೆ ಹೋಗಿ ಅಷ್ಟನ್ನೇ ಆರಿಸಿ, ಅಜ್ಜನ ಮುಂದಿಟ್ಟು ಕಾರಣ ವಿವರಿಸಿರಿ. ಅವರ ಹೊಲದ ಫಸಲಿನಲ್ಲಿ ಅವರಿಗೂ ಒಂದು ಹಿಡಿ ಪಾಲಿರಲಿ.