ಹಿಮಾಲಯ ಚಾರಣ: ಹೊರಡುವ ಮುನ್ನ ಬೆಳೆಗಾರರು ಗಮನಿಸಬೇಕಾದ ಅಂಶಗಳು

ಹಿಮಾಲಯದಲ್ಲಿ ಚಾರಣ ಮಾಡಿ ಬರಬೇಕೆಂಬ ಆಸೆ ಈಚೆಗೆ ನಮ್ಮ ಬೆಳೆಗಾರ ಬಂಧುಗಳಲ್ಲೂ ಹೆಚ್ಚುತ್ತಿರುವುದು ಸಂತೋಷದ ವಿಷಯ. ಬೆಂಗಳೂರಿನಲ್ಲಿರುವ ಮಕ್ಕಳು ಟಿಕೆಟ್ ಮಾಡಿಸಿ ಕೊಡುತ್ತಾರೆ, ತಂದೆತಾಯಿ ಹೊರಟು ನಿಲ್ಲುತ್ತಾರೆ. ಆದರೆ ಟಿಕೆಟ್ ಸಿಕ್ಕ ದಿನ ಹೊರಡುವುದು ಬೇರೆ, ಬೆಟ್ಟ ಒಪ್ಪುವ ದಿನ ಹೊರಡುವುದು ಬೇರೆ. ಈ ಬಗ್ಗೆ ಸದಸ್ಯರ ಅವಗಾಹನೆಗಾಗಿ ಕೆಲವು ವಿಚಾರಗಳನ್ನು ಇಲ್ಲಿ ಕೊಟ್ಟಿದೆ.

ಬಿಡುವು ಮತ್ತು ಋತು

ನಮ್ಮ ದೇಶ ಎಷ್ಟು ವೈವಿಧ್ಯದ್ದು ಎಂಬುದಕ್ಕೆ ಮಳೆಯ ಲೆಕ್ಕವೊಂದೇ ಸಾಕು. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 4 ಇಂಚು. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿಯುವುದುಂಟು. ಘಟ್ಟದ ಅಂಚಿನ ತೋಟಕ್ಕೂ ಹತ್ತು ಮೈಲಿ ಮೂಡಲ ತೋಟಕ್ಕೂ ಮಳೆ ಎಷ್ಟು ವ್ಯತ್ಯಾಸವೆಂದು ಬಲ್ಲ ನಮಗೆ ಇದರ ಕಾರಣ ಹೊಸದಲ್ಲ. ಉತ್ತರಾಖಂಡದ ಇಳಿಜಾರುಗಳು ಮುಂಗಾರಿಗೆ ಎದೆಯೊಡ್ಡಿ ನಿಂತಿವೆ. ಲಡಾಖ್ ಮತ್ತು ಸ್ಪಿತಿ ಬೆಟ್ಟದ ಮರೆಯಲ್ಲಿದ್ದು ಒಣಗಿರುತ್ತವೆ.

ಅಡಿಕೆ, ಕಾಫಿ ಎರಡೂ ಉಳ್ಳವರಿಗೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕೊಯ್ಲು, ಒಣಗಿಸುವಿಕೆಯಲ್ಲೇ ಕಳೆಯುತ್ತದೆ. ಹೂಮಳೆ ಮುಗಿದ ಮೇಲೆ, ಮೊದಲ ಬೋರ್ಡೋ ಸಿಂಪಡಣೆಗೆ ಮುನ್ನ, ಮೇ ತಿಂಗಳಲ್ಲಿ ಸ್ವಲ್ಪ ಬಿಡುವು. ಆಗ ಹಿಮಾಚಲ, ಉತ್ತರಾಖಂಡದ ಕೆಳಗಿನ ದಾರಿಗಳು ಸುಗಮ, ಎತ್ತರದ ಕಣಿವೆಮಾರ್ಗಗಳಲ್ಲಿ ಮಾತ್ರ ಇನ್ನೂ ಹಿಮ. ಎರಡನೆಯ ಸಿಂಪಡಣೆ ಮುಗಿದ ಮೇಲೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಮತ್ತೊಂದು ಬಿಡುವು. ಲಡಾಖ್, ಸ್ಪಿತಿಗೆ ಇದು ಸಕಾಲ. ಉತ್ತರಾಖಂಡದ ಹೂಗಳ ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಹೂವು ತುಂಬಿರುವುದು ಜುಲೈ, ಆಗಸ್ಟ್‌ನಲ್ಲಿ. ಆದರೆ ಬದರಿ ರಸ್ತೆಯಲ್ಲಿ ಗುಡ್ಡ ಕುಸಿಯುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಹಿಂದಿರುಗುವ ರೈಲಿಗೆ ಮೊದಲು ಎರಡು ದಿನ ಕೈಯಲ್ಲಿಟ್ಟುಕೊಳ್ಳಬೇಕು.

ಎತ್ತರದ ಲೆಕ್ಕ

ದಿನವೂ ತೋಟದ ಇಳಿಜಾರು ಹತ್ತಿ ಇಳಿಯುವವರಿಗೆ ನಡಿಗೆ ಕಷ್ಟವಲ್ಲ. ಆದರೆ ಎತ್ತರಕ್ಕೆ ಕಾಲಿನ ಬಲ ಲೆಕ್ಕಕ್ಕಿಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಲೇಹ್ ಪಟ್ಟಣದ ಪೇಟೆಬೀದಿಯೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ವಿಮಾನದಲ್ಲಿ ಹೋದವರು ಮೊದಲ ಎರಡು ದಿನ ವಿಶ್ರಾಂತಿಯಲ್ಲೇ ಇರತಕ್ಕದ್ದು. ರಸ್ತೆಯಲ್ಲಿ ಹೋಗುವವರಿಗೆ ಶ್ರೀನಗರ, ಕಾರ್ಗಿಲ್ ಮಾರ್ಗ ಮೆಲ್ಲಮೆಲ್ಲಗೆ ಏರುವುದರಿಂದ ಹಿತ. ಮನಾಲಿ ಮಾರ್ಗದಲ್ಲಿ 5,000 ಮೀಟರ್ ಮೀರಿದ ಕಣಿವೆಮಾರ್ಗವನ್ನು ದಾಟಬೇಕಾಗುತ್ತದೆ.

3,000 ಮೀಟರ್ ದಾಟಿದ ಮೇಲೆ, ಇಂದು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರವಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ತಲೆನೋವು, ವಾಕರಿಕೆ ಕಂಡರೆ ಮುಂದೆ ಹತ್ತಕೂಡದು. ಕುಳಿತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ರಾತ್ರಿಯಾದರೂ ಸರಿ, ಕೂಡಲೇ ಕೆಳಗಿಳಿಸಬೇಕು. ಬೆಳಗಾಗಲಿ ಎಂದು ಕಾಯುವುದು ಪ್ರಾಣಕ್ಕೆ ಅಪಾಯ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕಾಣಬೇಕು. ಎತ್ತರದ ಕಾಯಿಲೆಯ ಮಾತ್ರೆಯನ್ನೂ ಅವರು ಹೇಳಿದಂತೆಯೇ ತೆಗೆದುಕೊಳ್ಳಬೇಕು.

2024ರ ದುರಂತ

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ಚಾರಣಿಗರ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳೂ ಸೇರಿ 22 ಜನರಲ್ಲಿ 9 ಮಂದಿ ತೀರಿಕೊಂಡರು. ಉಳಿದವರನ್ನು ರಕ್ಷಿಸಲಾಯಿತು. ಸತ್ತವರಲ್ಲಿ ಐವತ್ತು ದಾಟಿದವರೂ ಇದ್ದರು. ಇಲ್ಲಿ ನಾವು ಮುಂಗಾರು ಕಾಯುವ ವಾರದಲ್ಲಿ ಅಲ್ಲಿ ಹಿಮ ಬಿದ್ದಿತೆಂಬುದನ್ನು ಯಾರೂ ಮರೆಯಬಾರದು. ಅಲ್ಲಿಯ ಜೂನ್ ಇಲ್ಲಿಯ ಜೂನ್ ಅಲ್ಲ.

ಆದ್ದರಿಂದ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಪ್ರತಿ ರಾತ್ರಿ ತಂಗುವ ಜಾಗದ ಎತ್ತರವೆಷ್ಟು? ಹವಾಮಾನ ಕೆಟ್ಟರೆ ನಿಲ್ಲಲು ಹೆಚ್ಚುವರಿ ದಿನಗಳಿವೆಯೇ? ತಂಡದ ಬಳಿ ಆಮ್ಲಜನಕ, ಹೊರಗೆ ಸುದ್ದಿ ಮುಟ್ಟಿಸುವ ಸಾಧನ ಇವೆಯೇ? ಹಿಂದಿರುಗೋಣ ಎಂದು ಹೇಳುವ ಅಧಿಕಾರ ಯಾರದು? ಸರಿಯಾದ ಉತ್ತರ ಬಾರದಿದ್ದರೆ ಆ ತಂಡದೊಡನೆ ಹೋಗದಿರುವುದೇ ಲೇಸು.

ಮಳೆ ಬಂದರೆ ಕಣದಲ್ಲಿ ಹರವಿದ ಕಾಫಿಯನ್ನು ಯಾರನ್ನೂ ಕೇಳದೆ ರಾಶಿ ಮಾಡಿ ಮುಚ್ಚುತ್ತೇವೆ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಬೆಟ್ಟದಿಂದ ಅರ್ಧದಾರಿಯಲ್ಲಿ ಹಿಂದಿರುಗುವುದೂ ಅಷ್ಟೇ ಸಹಜವಾದ ಕೆಲಸ. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹೋಗಿಬರುವ ಸದಸ್ಯರೆಲ್ಲರ ಪ್ರಯಾಣ ಸುಖಕರವಾಗಲಿ.